ಕೈಲಾಸದ ದಾರಿಯಲ್ಲಿ ಪೆಂಬಾ ಕೇಳಿದ ಮೂರು ಮಾತು

ಹಲಸೂರು ಕೆರೆ

ಕೈಲಾಸ ಪರ್ವತಕ್ಕೆ ಹೋಗಿ ಬಂದವರು ಅಲ್ಲಿನ ಸೊಬಗನ್ನು ಹೇಳುತ್ತಾರೆ. ನನಗೆ ಸೊಬಗು ಹೇಳಲು ಬರುವುದಿಲ್ಲ. ನೋಡಿದ್ದು ನಿಜ, ಕಣ್ಣು ತುಂಬಿದ್ದೂ ನಿಜ. ಆದರೆ ಯಾರಾದರೂ "ಯಾತ್ರೆ ಹೇಗಿತ್ತು?" ಎಂದರೆ ನನಗೆ ಮೊದಲು ನೆನಪಾಗುವುದು ಒಂದು ಜೊತೆ ಬೂಟು. ಅದನ್ನೇ ಬರೆಯುತ್ತೇನೆ.

ಹರಕೆ ನನ್ನದು. ನಮ್ಮ ಯಜಮಾನರು ಒಮ್ಮೆ ಕಾಮಾಲೆ ಜಾಸ್ತಿಯಾಗಿ ಮೂರು ವಾರ ಆಸ್ಪತ್ರೆಯಲ್ಲಿದ್ದರು. ಡಾಕ್ಟರು ಕೈ ಚೆಲ್ಲಿದ ದಿನ ನಾನು ಹಲಸೂರಿನ ಈಶ್ವರನ ಗುಡಿಯಲ್ಲಿ ಕಂಬ ಹಿಡಿದು ನಿಂತು, "ಇವರನ್ನು ಉಳಿಸಿಕೊಡಪ್ಪಾ, ಇವರನ್ನು ಕರೆದುಕೊಂಡೇ ಬಂದು ನಿನ್ನ ಬೆಟ್ಟ ಸುತ್ತುತ್ತೇನೆ" ಎಂದು ಬೇಡಿಕೊಂಡೆ. ಆ ಬೆಟ್ಟ ಎಲ್ಲಿದೆ, ಎಷ್ಟು ಎತ್ತರ, ಒಂದೂ ಗೊತ್ತಿರಲಿಲ್ಲ. ಅವರು ಉಳಿದರು. ಫ್ಯಾಕ್ಟರಿಯಿಂದ ನಿವೃತ್ತರಾಗುವವರೆಗೂ ಹರಕೆ ಹಾಗೇ ನಿಂತಿತ್ತು. ನಿವೃತ್ತಿಯಾದ ವರ್ಷವೇ ಹೊರಟೆವು. ಕೆ.ಆರ್. ಪುರದ ತೂಗು ಸೇತುವೆ ಆಗ ಇನ್ನೂ ಹೊಸದು.

ನಡೆದು ಅಭ್ಯಾಸವಾಗಲಿ ಎಂದು ನಾಲ್ಕು ತಿಂಗಳು ಬೆಳಗ್ಗೆ ಕಗ್ಗದಾಸಪುರದಿಂದ ಬಸ್ಸು ಹಿಡಿದು ಹಲಸೂರು ಕೆರೆಗೆ ಹೋಗಿ ಮೂರು ಮೂರು ಸುತ್ತು ಹಾಕಿದೆವು. ಬೂಟು ಕೊಂಡದ್ದು ಶಿವಾಜಿನಗರದಲ್ಲಿ, ಹಳೆಯ ಮಿಲಿಟರಿ ಸಾಮಾನು ಮಾರುವ ಅಂಗಡಿಯಲ್ಲಿ. ಕಪ್ಪು ಬೂಟು, ಕಣಕಾಲಿನ ಮೇಲಕ್ಕೂ ಬರುವಂಥದು, ಒಂದೊಂದೂ ರುಬ್ಬುವ ಗುಂಡಿನಷ್ಟು ಭಾರ.

"ಲೇ ಜಾವ್ ಸಾಬ್. ಹಾಕ್ಕೊಂಡು ಹಿಮಾಲಯ ಹತ್ತಿ, ವಾಪಸ್ ಬಂದು ನಮ್ಗೇ ಮಾರಿ" ಎಂದ ಅಂಗಡಿಯವನು.

"ಬೂಟು ವಾಪಸ್ ಬರತ್ತಪ್ಪಾ. ಒಳಗಿರೋ ಕಾಲಿಗೆ ಗ್ಯಾರಂಟಿ ಇಲ್ಲ" ಎಂದರು ಇವರು. ನಾನು "ಬಿಡ್ತು ಅನ್ರೀ" ಎಂದು ಗದರಿದೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ನಮ್ಮ ಮನೆಯಲ್ಲಿ ಇವರ ಆರೋಗ್ಯದ ಬಗ್ಗೆ ಮಾತಾಡುವವಳು ನಾನು. ಇಂದಿರಾನಗರದ ನಮ್ಮ ಡಾಕ್ಟರು "ಹೇಗಿದ್ದೀರಿ?" ಎಂದು ಇವರನ್ನು ಕೇಳಿದರೆ ಇವರು ನನ್ನ ಮುಖ ನೋಡುತ್ತಾರೆ. ಜ್ವರ ಎಷ್ಟು ದಿನದಿಂದ, ಊಟ ಸೇರುತ್ತದೋ ಇಲ್ಲವೋ, ಎಲ್ಲ ನಾನೇ ಹೇಳಬೇಕು. "ನಾಲಿಗೆ ತೋರಿಸಿ ಅಂದ್ರೆ ಮಾತ್ರ ನಿಮ್ಮನೆಯವರು ಬಾಯಿ ತೆಗೀತಾರಮ್ಮ" ಎಂದು ಡಾಕ್ಟರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಸೇತುವೆಯ ಆಚೆ

ಕಠ್ಮಂಡುವಿನಿಂದ ಒಂದು ದಿನದ ಬಸ್ಸು. ನೇಪಾಳ ಮುಗಿದು ಟಿಬೆಟ್ ಶುರುವಾಗುವಲ್ಲಿ ಒಂದು ಸೇತುವೆ, ಅದರ ನಡುವೆ ಬಳಿದ ಒಂದು ಕೆಂಪು ಗೆರೆ. ಗೆರೆ ದಾಟಿದರೆ ಗಡಿಯಾರ ಎರಡೂಕಾಲು ಗಂಟೆ ಮುಂದೆ. "ನೋಡು ಲಲಿತಾ, ಒಂದು ಹೆಜ್ಜೆಗೆ ಆಯುಸ್ಸಲ್ಲಿ ಎರಡೂಕಾಲು ಗಂಟೆ ಕಟ್" ಎಂದು ಇವರು ಮುಳ್ಳು ತಿರುಗಿಸಿಕೊಂಡರು.

ನಾವು ಹದಿನಾರು ಜನ, ಎಲ್ಲ ಬೆಂಗಳೂರಿನವರು. ಜೀಪಿನಲ್ಲಿ ನಮ್ಮ ಪಕ್ಕ ಕಮ್ಮನಹಳ್ಳಿಯ ಶಕುಂತಲಮ್ಮ, ಎಪ್ಪತ್ತರ ಹತ್ತಿರದ ವಿಧವೆ, ಒಬ್ಬರೇ ಬಂದಿದ್ದರು. ನಮ್ಮನ್ನು ಕರೆದೊಯ್ದವನು ಪೆಂಬಾ ಎಂಬ ಶೆರ್ಪಾ. ಕನ್ನಡದವರನ್ನು ಎಷ್ಟೋ ಸಲ ಕರೆದೊಯ್ದಿದ್ದನಂತೆ. ಆದರೂ ಅವನಿಗೆ ಬರುತ್ತಿದ್ದ ಕನ್ನಡ ಮೂರೇ ಮಾತು. ದಿನಾ ಬೆಳಗ್ಗೆ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ಸಾಲಾಗಿ ಕೇಳಿಕೊಂಡು ಬರುತ್ತಿದ್ದ: "ತಲೆ ನೋವು? ಊಟ? ವಾಂತಿ?" ಮಿಕ್ಕಿದ್ದೆಲ್ಲ ಹಿಂದಿಯಲ್ಲಿ.

"ಇವನು ಹೆಣ್ಣು ನೋಡೋಕೆ ಹೋದ್ರೂ ಇದನ್ನೇ ಕೇಳ್ತಾನೆ ಅನ್ಸತ್ತೆ" ಎಂದರು ಶಕುಂತಲಮ್ಮ. ಜೀಪೆಲ್ಲ ನಕ್ಕಿತು.

ನಾಲ್ಕು ದಿನ ಮರವಿಲ್ಲದ ಬಯಲು. ಹಸಿರು ಎಂಬುದು ಕಣ್ಣಿಗೆ ಮರೆತೇಹೋಯಿತು. ತಂಗಿದ ಮನೆಗಳಲ್ಲಿ ಕಕ್ಕಸಿಗೆ ಬಾಗಿಲಿಲ್ಲ. ನಾವು ಹೆಂಗಸರು ಒಬ್ಬರಿಗೊಬ್ಬರು ಸೀರೆ ಅಡ್ಡ ಹಿಡಿದು ನಿಲ್ಲುತ್ತಿದ್ದೆವು. ಉಪ್ಪು, ಬೆಣ್ಣೆ ಹಾಕಿದ ಟೀ ಕೊಟ್ಟರು, ಗಂಟಲಿಗಿಳಿಯಲಿಲ್ಲ, ಆದರೆ ಲೋಟ ಹಿಡಿದ ಕೈ ಬೆಚ್ಚಗಾಯಿತು, ಅದಾದರೂ ಸಿಕ್ಕಿತಲ್ಲ ಎಂದುಕೊಂಡೆ. ಸೊಂಟದ ಮುಂದೆ ಪಟ್ಟೆ ಪಟ್ಟೆಯ ಬಟ್ಟೆ ಕಟ್ಟಿದ ಆ ಊರಿನ ಹೆಂಗಸರನ್ನು ಕಂಡರೆ ಚಳಿಗಾಲದಲ್ಲಿ ನಮ್ಮ ಫುಟ್‌ಪಾತಿಗೆ ಸ್ವೆಟರ್ ಮಾರಲು ಬರುವವರೇ ಎದುರು ನಿಂತ ಹಾಗೆ ಆಗುತ್ತಿತ್ತು. ಅವರ ಹತ್ತಿರ ನಾನು ಎಷ್ಟು ಚೌಕಾಸಿ ಮಾಡಿದ್ದೆ ಎಂದು ನೆನೆದು ನಾಚಿಕೆಯಾಯಿತು. ಒಂದೂರಲ್ಲಿ ಒಬ್ಬ ಮುದುಕ ಇವರಿಗೆ ನಾಲಿಗೆ ಚಾಚಿ ತೋರಿಸಿದ. ಅದು ಅವರ ಹಳೆಯ ಕಾಲದ ನಮಸ್ಕಾರ ಎಂದ ಪೆಂಬಾ. "ಪಾಪ, ನನ್ನನ್ನ ಡಾಕ್ಟ್ರು ಅಂದ್ಕೊಂಡಿದಾನೆ" ಎಂದು ಇವರೂ ತಿರುಗಿ ನಾಲಿಗೆ ಚಾಚಿದರು. ಇವರು ನಗಿಸಿದ್ದು ಅದೇ ಕೊನೆ.

ಸಾಗಾ ಎಂಬ ಊರಿನಲ್ಲಿ ಬೇರೆ ಗುಂಪಿನವನೊಬ್ಬ ತಲೆನೋವು ಎಂದದ್ದಕ್ಕೆ, ಎತ್ತರ ಒಗ್ಗುತ್ತಿಲ್ಲವೆಂದು ಅವನನ್ನು ಜೀಪು ಹತ್ತಿಸಿ ವಾಪಸು ಕಳಿಸಿಬಿಟ್ಟರು. ಅವನು ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದ. ಅದನ್ನು ನಾನು ಕಿಟಕಿಯಿಂದ ನೋಡಿದೆ.

ಮಾನಸ ಸರೋವರ

ಆ ನೀರಿನ ಬಣ್ಣ ಹೇಳಲಾರೆ. ಇವರು ಮೂರು ಮುಳುಗು ಹಾಕಿ ಎದ್ದರು, ತುಟಿ ನೇರಳೆಯಾಗಿತ್ತು. ದಡದಲ್ಲಿ ನಾಸಿಕದ ಕಡೆಯ ಸುಮನ್ ಎಂಬಾಕೆ ಸಿಕ್ಕಳು, ನನ್ನದೇ ವಯಸ್ಸು. ಅವಳೂ ಗಂಡನ ಜೊತೆ ಬೇರೆ ಗುಂಪಿನಲ್ಲಿ ಬಂದಿದ್ದಳು. ಭಾಷೆ ಅಷ್ಟಕ್ಕಷ್ಟೇ. ನಾನು ಕುಂಕುಮದ ಡಬ್ಬಿ ತೆಗೆದೆ, ಅವಳು ಹಣೆ ಒಡ್ಡಿದಳು, ಆಮೇಲೆ ನನ್ನ ಹಣೆಗೆ ಹಚ್ಚಿದಳು. ಇಬ್ಬರೂ ಒಬ್ಬರ ಕಾಲಿಗೊಬ್ಬರು ಬಗ್ಗಲು ಹೋಗಿ ತಲೆಗೆ ತಲೆ ತಾಗಿಸಿಕೊಂಡು ನಕ್ಕೆವು.

ಮರುದಿನ ಬೆಳಗ್ಗೆ ಇವರು ಟೆಂಟಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡರು. ನೋಡಿದವಳು ನಾನೊಬ್ಬಳೇ. ಕಾಲಿನಿಂದ ಮಣ್ಣು ಎಳೆದು ಮುಚ್ಚಿದೆ.

"ತಲೆ ಸಿಡೀತಿದೆ ಕಣೆ" ಎಂದರು.

"ನಿನ್ನೆ ಮುಳುಗಿದ್ದಕ್ಕೆ ಶೀತ ಆಗಿರತ್ತೆ ರೀ. ಬಿಸಿ ನೀರು ಕುಡೀರಿ, ಹೋಗತ್ತೆ."

ಅಷ್ಟರಲ್ಲಿ ಪೆಂಬಾ ಬಂದ. ಇವರ ಎದುರು ನಿಂತು ಕೇಳಿದ: "ತಲೆ ನೋವು? ಊಟ? ವಾಂತಿ?"

ಇವರು ನನ್ನ ಮುಖ ನೋಡಿದರು. ಇಂದಿರಾನಗರದಲ್ಲಿ ನೋಡುವ ಹಾಗೆಯೇ ನೋಡಿದರು.

"ಇಲ್ಲ. ಆಯ್ತು. ಇಲ್ಲ" ಎಂದೆ.

ಪೆಂಬಾ ಮೂರು ಸಲ ಪೆನ್ಸಿಲ್ಲು ಒತ್ತಿ ಬರೆದುಕೊಂಡು ಮುಂದೆ ಹೋದ. ಅಷ್ಟೇ ನಡೆದದ್ದು. ಇಷ್ಟು ದೂರ ಬಂದು, ಬೆಟ್ಟ ಕಣ್ಣೆದುರಿಗೆ ಬೆಳ್ಳಗೆ ನಿಂತಿರುವಾಗ, ಹರಕೆ ಹೊತ್ತವಳು ನಾನು, ಇವರನ್ನು ಜೀಪು ಹತ್ತಿಸಿ ಕಳಿಸಿಬಿಟ್ಟರೆ ಏನು ಗತಿ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಉಳಿಸಿಕೊಟ್ಟ ದೇವರು ಇಲ್ಲಿ ಕೈ ಬಿಡುತ್ತಾನೆಯೇ ಎಂದುಕೊಂಡೆ.

ಅದರ ಮರುದಿನ ಬೆಟ್ಟದ ಬುಡದ ದಾರ್ಚೆನ್ ಊರಿನಲ್ಲಿಯೂ ಅದೇ ಆಯಿತು. ನಾನು ಇವರ ಹಣೆಗೆ ನೋವಿನ ಮುಲಾಮು ತಿಕ್ಕಿ, ಪೆಂಬಾ ಬರುವ ಮೊದಲೇ ಸೆರಗಿನಿಂದ ಒರೆಸಿದೆ, ವಾಸನೆ ಬರದಿರಲಿ ಎಂದು. ಅವನು ಕೇಳಿದ. ನಾನು ಹೇಳಿದೆ.

ಯಮದ್ವಾರ

ನಡಿಗೆ ಶುರುವಾಗುವ ಜಾಗಕ್ಕೆ ಆ ಹೆಸರು. ಪುಟ್ಟ ಕಲ್ಲಿನ ಗುಡಿಯಂಥ ಬಾಗಿಲು, ಒಳಗಿಂದ ನುಸುಳಿ ಆಚೆ ಹೋಗಬೇಕು, ಹಿಂತಿರುಗಿ ನೋಡಬಾರದು. ಮೂರು ದಿನದಲ್ಲಿ ಬೆಟ್ಟವನ್ನು ಒಂದು ಸುತ್ತು ಬರಬೇಕು, ನಡುವಿನ ದಿನ ಹದಿನೆಂಟು ಸಾವಿರ ಅಡಿಗಿಂತ ಎತ್ತರದ ಕಣಿವೆ ಹತ್ತಿ ಇಳಿಯಬೇಕು.

ಮೊದಲ ದಿನ ಏರು ಇರಲಿಲ್ಲ. ನದಿಯ ಪಕ್ಕ ಕಲ್ಲು ಹಾದಿ. ಆದರೂ ಐದು ಹೆಜ್ಜೆಗೆ ಒಮ್ಮೆ ನಿಲ್ಲಬೇಕು, ಎದೆಯೊಳಗೆ ಯಾರೋ ಕೂತು ಗಾಳಿಯನ್ನು ತಾವೇ ಕುಡಿಯುತ್ತಿದ್ದ ಹಾಗೆ. ಸ್ಥಳೀಯರು ನೆಲಕ್ಕೆ ಉದ್ದಕ್ಕೆ ಬಿದ್ದು, ಎದ್ದು, ಮತ್ತೆ ಬಿದ್ದು, ದಂಡ ನಮಸ್ಕಾರ ಹಾಕುತ್ತಲೇ ಇಡೀ ಬೆಟ್ಟ ಸುತ್ತುತ್ತಾರೆ. ನಮ್ಮಲ್ಲಿ ಗುಡಿಯ ಸುತ್ತ ಉರುಳು ಸೇವೆ ಮಾಡಿದರೆ ಮನೆಮಂದಿಯೆಲ್ಲ ಹಿಂದೆ ನೀರು ಹಿಡಿದು ಓಡುತ್ತಾರೆ. ಇಲ್ಲಿ ಒಬ್ಬ ಮುದುಕಿ ಒಬ್ಬಳೇ ಬಿದ್ದು ಏಳುತ್ತಿದ್ದಳು. ಹಣೆಯಲ್ಲಿ ರೂಪಾಯಿ ಅಗಲದ ಜಡ್ಡು.

ಇವರು ಹಿಂದೆ ಬೀಳುತ್ತಿದ್ದರು. ನಾನು ದಾವಣಗೆರೆಯಿಂದ ತರಿಸಿದ್ದ ಶೇಂಗಾ ಚಟ್ನಿಪುಡಿಯನ್ನು ರೊಟ್ಟಿಯ ಮೇಲೆ ಹಾಕಿಕೊಟ್ಟೆ. ಜ್ವರದಲ್ಲೂ ಅದನ್ನು ಬೇಡ ಎಂದವರಲ್ಲ. ಆ ದಿನ ಮುಟ್ಟಲಿಲ್ಲ.

"ನಿಮ್ಮನೆಯವರು ಯಾಕೋ ವಾಲಾಡ್ತಿದಾರೆ ಲಲಿತಾ" ಎಂದರು ಶಕುಂತಲಮ್ಮ. "ಪೆಂಬಾಗೆ ಒಂದು ಮಾತು ಹೇಳ್ಬಾರ್ದಾ?"

"ಬೂಟು ಭಾರ ಅಮ್ಮ, ಅದಕ್ಕೆ" ಎಂದೆ.

ದಿರಾಪುಕ್

ಮೊದಲ ರಾತ್ರಿ ತಂಗಿದ್ದು ಇಲ್ಲಿ. ಬೆಟ್ಟದ ಉತ್ತರದ ಮುಖ ಇಲ್ಲಿಂದ ತೀರಾ ಹತ್ತಿರ. ಬೆಳಗ್ಗೆ ಎದ್ದಾಗ ಅದು ಬಂಗಾರವಾಗಿತ್ತು, ಎಲ್ಲರೂ ಹೊರಗೆ ನಿಂತು ಕೈ ಮುಗಿದು ಅಳುತ್ತಿದ್ದರು. ನಾನು ಇವರನ್ನು ಎಬ್ಬಿಸಿ ತೋರಿಸೋಣವೆಂದು ಒಳಗೆ ಬಂದೆ. ಇವರು ಎದ್ದು ಕೂತಿದ್ದರು. ಬೂಟು ಹಾಕಿಕೊಂಡಿದ್ದರು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

"ಫ್ಯಾಕ್ಟರಿ ಬಸ್ ಬಂತಾ?" ಎಂದು ಕೇಳಿದರು.

ಇವರನ್ನು ನೋಡಿದೆ. ಇವರ ಕಣ್ಣು ನನ್ನ ಮೇಲಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಹೊರಗೆ ಓಡಿ ಪೆಂಬಾನನ್ನು ಕೂಗಿದೆ. ಆ ಎತ್ತರದಲ್ಲಿ ಕೂಗಲೂ ಉಸಿರು ಸಾಲದು. ಅವನು ಬಂದು ಈ ಸಲ ಮೂರು ಮಾತು ಕೇಳಲಿಲ್ಲ. ಇವರನ್ನು ಎತ್ತಿ ನಿಲ್ಲಿಸಿ, ಒಂದು ಗೆರೆಯ ಮೇಲೆ ನಡೆದು ಬರುವಂತೆ ಸನ್ನೆ ಮಾಡಿದ. ಇವರು ಎರಡು ಹೆಜ್ಜೆ ಇಟ್ಟು ಬಿದ್ದರು. ಬಿದ್ದಲ್ಲಿಂದ ಏಳಲು ಪ್ರಯತ್ನವನ್ನೂ ಮಾಡಲಿಲ್ಲ.

ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದರು. ಕುದುರೆಯ ಮೇಲೆ ಕೆಳಗಿಳಿಸಿ, ಅಲ್ಲಿಂದ ಜೀಪಿನಲ್ಲಿ ದಾರ್ಚೆನ್ನಿಗೆ ಕರೆದೊಯ್ಯಲು ಇನ್ನಿಬ್ಬರು ಶೆರ್ಪಾಗಳು ಸಿದ್ಧರಾದರು. ಪೆಂಬಾ ಇವರ ಮುಂದೆ ಮಂಡಿಯೂರಿ ಕೂತು ಹಿಂದಿಯಲ್ಲಿ ನಿಧಾನಕ್ಕೆ ಕೇಳಿದ, "ಸಾಬ್, ಅಮ್ಮ ನಿಮ್ಮ ಜೊತೆ ಕೆಳಗೆ ಬರಬೇಕಾ? ಬೆಟ್ಟ ಸುತ್ತಿ ಬರಬೇಕಾ?"

ಇವರು ಬೂಟಿನ ದಾರ ಎಳೆಯುತ್ತಿದ್ದರು.

"ಸುತ್ತಿ ಬರ್ತೀನಿ. ಇವರಿಗೂ ಅದೇ ಇಷ್ಟ" ಎಂದೆ.

ಓದುವವರು ನನ್ನನ್ನು ಏನೆಂದುಕೊಂಡರೂ ಸರಿ. ಹರಕೆ ಅರ್ಧಕ್ಕೆ ನಿಂತರೆ ಉಳಿಸಿದವನು ವಾಪಸು ತೆಗೆದುಕೊಳ್ಳುತ್ತಾನೆ ಎಂದು ನಾನು ನಂಬಿದ್ದೆ. ಕೆಳಗೆ ಹೋಗಿ ಕೂತರೆ ನಾನೇನು ಮಾಡಬಲ್ಲೆ, ಮೇಲೆ ಹೋದರೆ ಕೇಳಿಕೊಳ್ಳಬಹುದು ಎಂದು ಲೆಕ್ಕ ಹಾಕಿದ್ದೆ. ನೆಲದ ಮೇಲೆ ಕೂತು ಇವರ ಬೂಟು ಬಿಚ್ಚಿ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಹಾಕಿ ದಾರ ಬಿಗಿದೆ. ಆ ದಿನ ನಾನು ಇವರಿಗೆ ಮಾಡಿದ್ದು ಅಷ್ಟೇ. ಇವರ ಹೆಗಲ ಮೇಲಿನ ಶಲ್ಯ ತೆಗೆದು ಅದರ ತುದಿಯನ್ನು ನನ್ನ ಸೆರಗಿಗೆ ಗಂಟು ಹಾಕಿಕೊಂಡೆ. ಪೂಜೆಗೆ ಗಂಡ ಕೂರಲಾಗದಿದ್ದರೆ ನಮ್ಮಲ್ಲಿ ಹಾಗೆ ಮಾಡುವುದುಂಟು. ಕುದುರೆ ತಿರುವಿನಲ್ಲಿ ಮರೆಯಾಗುವವರೆಗೆ ಎರಡು ಕಪ್ಪು ಬೂಟುಗಳು ನೇತಾಡುವುದು ಕಾಣುತ್ತಿತ್ತು.

ಡೋಲ್ಮಾ ಕಣಿವೆ

ಹತ್ತಿದ್ದು ಹೇಗೆಂದು ಪೂರ್ತಿ ನೆನಪಿಲ್ಲ. ಉಣ್ಣೆಯ ಪ್ಯಾಂಟಿನ ಮೇಲೆ ಸೀರೆ, ಅದರ ಮೇಲೆ ಎರಡು ಸ್ವೆಟರು. ಹಿಮ ಒಂದು ಕಡೆ ಮಂಡಿಯವರೆಗೆ, ಇನ್ನೊಂದು ಕಡೆ ಕನ್ನಡಿಯಂಥ ಮಂಜುಗಡ್ಡೆ. ಬಾಯಲ್ಲಿ ಶಿವಪಂಚಾಕ್ಷರಿ ಹೇಳುತ್ತಿದ್ದೆ. ಉಸಿರು ಸಾಲದೆ ಐದಕ್ಷರದಲ್ಲಿ ಎರಡೇ ಬರುತ್ತಿದ್ದವು. ಶಕುಂತಲಮ್ಮ ನನ್ನ ಹಿಂದೆಯೇ ಇದ್ದರು. ನಾನು ನಿಂತರೆ ಅವರ ಕೋಲು ನನ್ನ ಬೆನ್ನಿಗೆ ತಾಗುತ್ತಿತ್ತು. "ನಡಿಯೇ. ನಿಂತ್ರೆ ಇಲ್ಲೇ ಕಲ್ಲಾಗ್ತೀವಿ."

ಹಾದಿಯಲ್ಲಿ ಒಂದು ಕಡೆ ಬಂಡೆಗಳ ಮೇಲೆಲ್ಲ ಬಟ್ಟೆ. ಅಂಗಿ, ಟೋಪಿ, ಮಕ್ಕಳ ಕಾಲುಚೀಲ. ಸಾವಿರಾರು, ಹಿಮದಲ್ಲಿ ಮರಗಟ್ಟಿ ನಿಂತಿದ್ದವು. ನಾನು ಅದನ್ನೂ ಒಂದು ಸೇವೆ ಎಂದುಕೊಂಡೆ. ಇವರ ಶಲ್ಯ ಇಲ್ಲಿ ಹೊದಿಸಿದರೆ ಇವರೇ ಬಂದಂತಾಯಿತು ಎಂದು ಗಂಟಿಗೆ ಕೈ ಹಾಕಿದೆ. ಬೆರಳು ಸೆಟೆದಿತ್ತು. ಗಂಟು ಹಿಮಗಟ್ಟಿತ್ತು. ಹಲ್ಲು ಹಾಕಲು ಬಗ್ಗಿದಾಗ ಪೆಂಬಾ ಕೈ ಹಿಡಿದ.

"ಬೇಡ ಅಮ್ಮ. ಕೆಲವರು ಇಲ್ಲಿ ತಮ್ಮ ಹಳೆಯ ಜನ್ಮ ಬಿಟ್ಟೆವು ಅಂತ ಬಟ್ಟೆ ಇಡ್ತಾರೆ. ಆದರೆ ಇನ್ನೊಬ್ಬರ ಬಟ್ಟೆ ತಂದು ಇಡೋದು ಅವರು ಸತ್ತಿದ್ದರೆ ಮಾತ್ರ."

ಶಲ್ಯದ ತುದಿಯನ್ನು ಮುಷ್ಟಿಯಲ್ಲಿ ಹಿಡಿದವಳು ಕಣಿವೆ ದಾಟಿ ಇಳಿಯುವವರೆಗೂ ಬಿಡಲಿಲ್ಲ. ಗಂಟು ಬಿಚ್ಚಿಕೊಳ್ಳದೆ ಹೋದದ್ದೇ ದೇವರು ನನಗೆ ಆ ದಿನ ಮಾಡಿದ ಉಪಕಾರ.

ತುದಿಯಲ್ಲಿ ಬಣ್ಣದ ಬಾವುಟಗಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು. ಏನು ಬೇಡಿಕೊಳ್ಳಬೇಕೆಂದು ಮೊದಲೇ ಗಟ್ಟಿ ಮಾಡಿಕೊಂಡು ಬಂದಿದ್ದೆ. ಅಲ್ಲಿ ನಿಂತಾಗ ಒಂದೇ ಮಾತು ಹೊರಬಿತ್ತು. "ನಾನು ಸುಳ್ಳು ಹೇಳಿದೆ."

ಮತ್ತೆ ದಾರ್ಚೆನ್

ಕೊನೆಯ ದಿನ ಬೆಳಗ್ಗೆ ಹೊರಡುವ ಹೊತ್ತಿಗೆ ಎದುರಿನಿಂದ ಚಮರೀಮೃಗ ಹೊಡೆದುಕೊಂಡು ಬಂದವನೊಬ್ಬ ಪೆಂಬಾನ ಹತ್ತಿರ ಏನೋ ಹೇಳಿದ. ಪೆಂಬಾ ನನ್ನ ಕಡೆ ನೋಡಿ ತಟ್ಟನೆ ಮುಖ ತಿರುಗಿಸಿದ. ನಾನು ಹೋಗಿ ಅವನ ತೋಳು ಹಿಡಿದೆ.

"ಹೇಳು."

"ದಾರ್ಚೆನ್ನಲ್ಲಿ ಇಂಡಿಯಾದವರೊಬ್ಬರು ಹೋಗಿಬಿಟ್ಟರಂತೆ ಅಮ್ಮ. ಗಂಡಸು. ಯಾರು ಅಂತ ಅವನಿಗೆ ಗೊತ್ತಿಲ್ಲ."

ಮೂರು ಗಂಟೆಯ ದಾರಿ. ಬಿಸಿಲು ಚೆನ್ನಾಗಿತ್ತು. ಶಕುಂತಲಮ್ಮ ನನ್ನ ಕೈ ಹಿಡಿದುಕೊಂಡು ನಡೆದರು. "ನಿಮ್ಮನೆಯವರಾಗಿರಲ್ಲ" ಎಂದು ಹೇಳಲಿಲ್ಲ, "ಧೈರ್ಯ ತಗೋ" ಎಂದೂ ಹೇಳಲಿಲ್ಲ. ಒಮ್ಮೆ ಮಾತ್ರ, "ನಮ್ಮನೆಯವರು ಹೋದಾಗ ನಾನು ಅಕ್ಕಿ ಆರಿಸ್ತಾ ಕೂತಿದ್ದೆ. ಅದನ್ನ ಪೂರ್ತಿ ಆರಿಸಿಯೇ ಎದ್ದೆ" ಎಂದರು. ಸುಮ್ಮನೆ ಇರುವುದಕ್ಕಿಂತ ಆ ಮಾತು ವಾಸಿ ಎನಿಸಿತು.

ತಂಗುಮನೆಯ ಅಂಗಳದಲ್ಲಿ ನೀಲಿ ಟಾರ್ಪಾಲು ಹೊದಿಸಿ ಒಬ್ಬರನ್ನು ಮಲಗಿಸಿದ್ದರು. ಮುಖ ಮುಚ್ಚಿತ್ತು. ಟಾರ್ಪಾಲು ಸಾಲದೆ ಪಾದ ಹೊರಗಿತ್ತು. ಮುಖದ ಹತ್ತಿರ ಹೋಗಲಿಲ್ಲ. ಪಾದ ನೋಡಿದೆ.

ಬಿಳಿ ಕ್ಯಾನ್ವಾಸ್ ಶೂ.

ಶಿವನೇ, ಬಿಳಿ ಶೂ. ನನಗೆ ಆದ ಸಂತೋಷವನ್ನು ಮುಚ್ಚಿಟ್ಟು ಬರೆಯಲಾರೆ. ಹೆಣದ ಮುಂದೆ ನಿಂತು ಕೈ ಮುಗಿದು, ನಿನ್ನ ದಯೆ ದೊಡ್ಡದು ತಂದೇ ಎಂದು ಬಾಯಿ ಬಿಟ್ಟೇ ಹೇಳಿದೆ. ಹೇಳಿ ತಲೆ ಎತ್ತಿದರೆ ಎದುರಿನ ಗೋಡೆಗೊರಗಿ ಸುಮನ್ ಕೂತಿದ್ದಳು. ನಾಲ್ಕು ದಿನದ ಕೆಳಗೆ ನಾನು ಕುಂಕುಮವಿಟ್ಟ ಹಣೆ. ನನ್ನನ್ನೇ ನೋಡುತ್ತಿದ್ದಳು. ಕನ್ನಡ ಅವಳಿಗೆ ಬರುವುದಿಲ್ಲ. ಆದರೆ ಮುಗಿದ ಕೈಗೆ ಭಾಷೆ ಬೇಕಿಲ್ಲ.

ಹೋಗಿ ಅವಳ ಪಕ್ಕ ಕೂತೆ. ಅವಳು ದೂರ ಸರಿಯಲಿಲ್ಲ, ಹತ್ತಿರವೂ ಬರಲಿಲ್ಲ.

ನಮ್ಮವರು ಒಳಗಿನ ಕೋಣೆಯಲ್ಲಿದ್ದರು. ಉಸಿರಿತ್ತು, ಪೂರ್ತಿ ಎಚ್ಚರವಿರಲಿಲ್ಲ. ಮಂಚದ ಕೆಳಗೆ ಕಪ್ಪು ಬೂಟುಗಳನ್ನು ಯಾರೋ ಜೋಡಿಸಿಟ್ಟಿದ್ದರು. ಜೀಪಿಗೆ ಹತ್ತಿಸುವ ಮುಂಚೆ ನಾನು ಪೆಂಬಾನಿಗೆ ಎಲ್ಲ ಹೇಳಿಬಿಟ್ಟೆ. ಅವನು ನೋಟ್‌ಬುಕ್ಕು ತೆಗೆದು ಇವರ ಹೆಸರಿನ ಸಾಲು ನೋಡಿದ. ಸೊನ್ನೆ, ಸರಿ, ಸೊನ್ನೆ. ಸೊನ್ನೆ, ಸರಿ, ಸೊನ್ನೆ. ಬೈಯುತ್ತಾನೆಂದು ಕಾದೆ.

"ನಾನು ಸಾಬ್‌ನೇ ಕೇಳಬೇಕಿತ್ತು" ಎಂದು ಮುಚ್ಚಿದ.

ಇಂದಿರಾನಗರ

ಕಠ್ಮಂಡುವಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ಮಿದುಳಿನಲ್ಲಿ ನೀರು ತುಂಬಿತ್ತೆಂದೂ ಒಂದು ದಿನ ಮೊದಲೇ ಇಳಿಸಿದ್ದರೆ ಇಷ್ಟಾಗುತ್ತಿರಲಿಲ್ಲವೆಂದೂ ಅಲ್ಲಿನ ಡಾಕ್ಟರು ಹೇಳಿದರು. ಜೀವ ಉಳಿಯಿತು. ಎಡಗಾಲು ಎಳೆಯುತ್ತದೆ. ಮಾತು ಬರುತ್ತದೆ, ಆದರೆ ಬಾವಿಯಿಂದ ಸೇದಿದ ಹಾಗೆ, ನಿಧಾನ.

ಕಗ್ಗದಾಸಪುರಕ್ಕೆ ಬಂದ ಮೇಲೆ ಬೀದಿಯವರೆಲ್ಲ ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದರು. ಕೈಲಾಸಕ್ಕೆ ಹೋಗಿಬಂದವಳಲ್ಲವೇ. ಉದ್ಧರಣೆಯಲ್ಲಿ ಮಾನಸ ಸರೋವರದ ನೀರು ಕೊಟ್ಟೆ. "ನಿಮ್ಮ ಹರಕೆಯೇ ಯಜಮಾನ್ರನ್ನ ಕಾಪಾಡ್ತು ನೋಡಿ" ಎಂದರು. ಇರಬಹುದು. ಪೂಜೆ ಬಿಟ್ಟಿಲ್ಲ ನಾನು. ದೇವರ ಮೇಲೆ ನನಗೆ ದೂರೂ ಇಲ್ಲ. ಅವನೇನು ಕೇಳಿದ್ದನೇ, ಸುಳ್ಳು ಹೇಳಿಯಾದರೂ ಬಾ ಎಂದು.

ಬಂದ ಮೊದಲ ವಾರ ಇಂದಿರಾನಗರದ ಡಾಕ್ಟರ ಹತ್ತಿರ ಹೋದೆವು. ಅವರು ಇವರ ಕೈ ಹಿಡಿದು, "ಹೇಗಿದ್ದೀರಿ ಸಾರ್? ತಲೆನೋವು ಇದೆಯಾ?" ಎಂದು ಕೇಳಿದರು.

ಇವರು ನನ್ನ ಮುಖ ನೋಡಿದರು.

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಇವರು ಕಾದರು. ನಾನೂ ಕಾದೆ. ಡಾಕ್ಟರು "ಏನಮ್ಮಾ?" ಎನ್ನುವ ಹಾಗೆ ನನ್ನ ಕಡೆ ತಿರುಗಿದರು. "ಅವರನ್ನೇ ಕೇಳಿ ಡಾಕ್ಟ್ರೇ" ಎಂದೆ. ಇವರ ತುಟಿ ಅಲುಗಾಡಿತು, ನಿಂತಿತು, ಮತ್ತೆ ಅಲುಗಾಡಿತು. ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲು ಸರಿಸಿ ಇಣುಕಿದರು. ಇಣುಕಲಿ ಎಂದು ಸುಮ್ಮನಿದ್ದೆ.

"ಇದೆ" ಎಂದರು.